ಮದುವೆಯಾಗಿಲ್ಲವೆಂಬ ಕಾಗದ

ಧಡ್!

ಹಿಂದಿನಿಂದ ಸ್ಕಾರ್ಪಿಯೋ ಮತ್ತೊಮ್ಮೆ ಗುದ್ದಿತು. ನನ್ನ ಹಳೆಯ ವ್ಯಾಗನ್-ಆರ್‌ನ ಡಿಕ್ಕಿ ಬಾಯಿ ತೆರೆದುಕೊಂಡಿತು. ಸ್ಟೀರಿಂಗ್ ಕೈಯಲ್ಲಿ ಜಾರಿತು...

ಪಕ್ಕದಲ್ಲಿ ರೇಣು ಕೂತಿದ್ದಳು. ಕಿರುಚಲಿಲ್ಲ. ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದು ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದಳು.

"ಅಣ್ಣಾರ, ಅದು ನಮ್ಮ ಮಾವಾರ ಗಾಡಿ ಅಲ್ಲೇನ್ರಿ?"

ಹೌದು. ಅವಳ ಗಂಡ ಚನ್ನವೀರನ ಸೋದರಮಾವ ಗುರುಸಿದ್ದಪ್ಪನದೇ ಗಾಡಿ. ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ. ಜೊತೆಗೆ ಇಬ್ಬರು ಹಮಾಲರನ್ನು ಕೂರಿಸಿಕೊಂಡು ಬಂದಿದ್ದ.

ನಾವು ರೇಣುವಿನ ತವರೂರು ದೌಂಡದಿಂದ ಪುಣೆಯ ಏರ್‌ಪೋರ್ಟಿಗೆ ಹೊರಟಿದ್ದೆವು. ಚನ್ನವೀರ ಮಧ್ಯಾಹ್ನದ ಫ್ಲೈಟ್ ಹತ್ತುವವನಿದ್ದ. ಮೊದಲು ದಿಲ್ಲಿ, ಅಲ್ಲಿಂದ ಡೆನ್ಮಾರ್ಕ್.

ಅಲ್ಲಿ ಅವನಿಗೆ ಮದುವೆ!

ಅವನು ಗೇಟಿನೊಳಗೆ ಹೋಗುವ ಮೊದಲು ರೇಣು ಅವನೆದುರು ನಿಲ್ಲಬೇಕಿತ್ತು. ನಾನು ನಿನ್ನ ಹೆಂಡತಿ ಹೌದೋ ಅಲ್ಲವೋ ಎಂದು ಕೇಳಬೇಕಿತ್ತು. ಇಲ್ಲವಾದರೆ ಅಪ್ಪನ ರೈಲ್ವೆ ಕ್ವಾರ್ಟರ್ಸಿನಲ್ಲಿ ಜೀವಮಾನವೆಲ್ಲ ಅವನ ದಾರಿ ಕಾಯುತ್ತ ಕೂರಬೇಕಿತ್ತು.

ಇದರಲ್ಲಿ ನಿನಗೇನು ಕೆಲಸ ಮುರುಗೆಪ್ಪಾ ಅಂತ ಕೇಳುತ್ತೀರಿ ಇನ್ಸ್‌ಪೆಕ್ಟರ್ ಸಾಹೇಬ್ರೆ. ನೀವು ಅಕ್ಕಲಕೋಟದ ಕಡೆಯವರು, ನಮ್ಮ ಮಾತು ಬಲ್ಲವರು. ನಿಮಗೆ ಮುಚ್ಚಿಡುವುದಿಲ್ಲ.

ಎಲ್ಲ ನಾನೇ ಮಾಡಿದ್ದು.

ವಿದೇಶಕ್ಕೆ ಹೋಗುವವರ ಕಾಗದಪತ್ರ ಮಾಡಿಸಿಕೊಡುವುದು ನನ್ನ ಧಂದೆ. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಒಂದು ಟೇಬಲ್ಲು, ಒಂದು ಪ್ರಿಂಟರು, ಅಷ್ಟೇ ನನ್ನ ಆಫೀಸು. ಡೆನ್ಮಾರ್ಕಿನಲ್ಲಿ ಹೊರದೇಶದವನೂ ಮದುವೆಯಾಗಬಹುದು. ಆದರೆ ಲೈಸೆನ್ಸ್ ಕೊಡುವ ಮೊದಲು ಅವರು ಕೇಳುತ್ತಾರೆ... ನಿನಗೆ ಈಗಾಗಲೇ ಮದುವೆಯಾಗಿಲ್ಲ ಅನ್ನುವುದಕ್ಕೆ ನಿನ್ನ ಊರಿನ ಕಾಗದ ತೋರಿಸು. ಆ ಕಾಗದವನ್ನು ಚನ್ನವೀರನಿಗೆ ಮಾಡಿಸಿಕೊಟ್ಟವನು ನಾನು. ಅಫಿಡವಿಟ್ಟು, ಸಾಹೇಬರ ಸಹಿ, ದಿಲ್ಲಿಯ ಮುದ್ರೆ, ಎಲ್ಲ.

ಗೊತ್ತಿರಲಿಲ್ಲವೇ ಅನ್ನುತ್ತೀರಾ?

ಗೊತ್ತಿತ್ತು!

ಆಧಾರ್ ಕಾರ್ಡಿನ ಫೋಟೋ ತೋರಿಸಲು ಅವನು ಮೊಬೈಲ್ ತೆಗೆದ. ಬೆರಳು ತಪ್ಪಿ ಬೇರೆ ಫೋಟೋ ಬಂತು. ಜೇಜುರಿಯ ಖಂಡೋಬನ ಗುಡಿಯ ಮೆಟ್ಟಿಲು. ಮೈತುಂಬ ಅರಿಷಿಣದ ಭಂಡಾರ. ತೋಳಿನಲ್ಲಿ ಒಬ್ಬ ಹುಡುಗಿಯನ್ನು ಎತ್ತಿಕೊಂಡು ಅವನು ನಗುತ್ತಿದ್ದ. ಖಂಡೋಬನ ಒಕ್ಕಲಿನವನಾದ ನನಗೆ ಇದನ್ನು ಬಿಡಿಸಿ ಹೇಳಬೇಕೇ? ಹೊಸ ಮದುಮಗ ಮದುಮಗಳನ್ನು ಎತ್ತಿಕೊಂಡು ಮೆಟ್ಟಿಲೇರುವುದು ಅಲ್ಲಿಯ ಪದ್ಧತಿ. ತಂಗಿಯನ್ನು ಯಾರೂ ಹಾಗೆ ಎತ್ತುವುದಿಲ್ಲ.

ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಲಗ್ನ ರಿಜಿಸ್ಟರ್ ಮಾಡಿಸಿದ್ದೀರಾ ಎಂದಷ್ಟೇ ಕೇಳಿದೆ. ಇಲ್ಲ ಅಂದ. ಹಾಗಾದರೆ ದಾಖಲೆಯಲ್ಲಿ ನೀವು ಬ್ರಹ್ಮಚಾರಿ, ನಡೀರಿ ಅಂದೆ. ನನ್ನ ಜಾಣತನಕ್ಕೆ ನಾನೇ ನಕ್ಕೆ ಬೇರೆ... ಥೂ ನನ್ನ!

ಅವನು ಹೊರಡುವುದಕ್ಕೆ ಒಂದು ವಾರ ಮೊದಲು ರೇಣು ಆಫೀಸಿಗೆ ಬಂದಳು. ಫೋಟೋದಲ್ಲಿದ್ದ ಅದೇ ಮುಖ. ಗಂಡನ ಮೊಬೈಲಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ. ಅವರು ಡೆನ್ಮಾರ್ಕಿಗೆ ನೌಕರಿಗೆ ಹೊರಟಿದ್ದಾರೆ, ಹಿಂದೆಯೇ ನನ್ನನ್ನು ಕರೆಸಿಕೊಳ್ಳುತ್ತಾರೆ, ನನ್ನ ವೀಸಾದ ಕಾಗದವನ್ನೂ ನೀವೇ ಮಾಡಿಸಿಕೊಡಿ ಅಂದಳು. ಮನೆಯಲ್ಲಿ ಕಟ್ಟಿದ ಶೇಂಗಾ ಉಂಡಿಯ ಡಬ್ಬಿ ಟೇಬಲ್ಲಿನ ಮೇಲಿಟ್ಟಳು. ಆ ಡಬ್ಬಿಯನ್ನು ತೆರೆಯದೆ ಹಾಗೇ ಡ್ರಾಯರಿನಲ್ಲಿಟ್ಟೆ ಸಾಹೇಬ್ರೆ. ಆ ರಾತ್ರಿಯಿಂದ ನಿದ್ದೆಯೂ ಬರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಚನ್ನವೀರನಿಗೆ ಫೋನ್ ಮಾಡಿದೆ. ನಿನ್ನ ಹೆಂಡತಿಗೆ ನಿಜ ಹೇಳಲು ಹೊರಟಿದ್ದೇನೆ ಅಂದೆ. ಹೇಳದೆ ಹೋಗಿದ್ದರೆ ಸ್ಕಾರ್ಪಿಯೋ ಬರುತ್ತಿರಲಿಲ್ಲ. ಆದರೆ ಕದ್ದು ಮಾಡುವುದು ಸಾಕಾಗಿತ್ತು. ದೌಂಡಕ್ಕೆ ಹೋಗಿ, ಗಂಡ ಹೋಗುವ ಮೊದಲು ಅವನನ್ನು ನೋಡಬೇಕು ಬಾ, ಉಳಿದದ್ದು ದಾರಿಯಲ್ಲಿ ಹೇಳುತ್ತೇನೆ ಎಂದು ರೇಣುವನ್ನು ಗಾಡಿಯಲ್ಲಿ ಕೂರಿಸಿಕೊಂಡೆ.

ಧಡ್!

ನನ್ನ ಫೋನ್ ಬಡಿದುಕೊಂಡಿತು. ಗುರುಸಿದ್ದಪ್ಪ.

"ಮುರುಗೆಪ್ಪಾ, ಗಾಡಿ ನಿಂದ್ರಸು. ಹುಡುಗೀನ ಇಳಸಿ ನಿನ್ನ ಹಾದಿ ಹಿಡಿ."

"ಆಗೂದಿಲ್ರಿ ಸಾವ್ಕಾರ್ರ."

"ಕಾಗದ ಮಾಡಿದಾಂವ ನೀನು. ಜೈಲಿಗೆ ಮೊದಲ ಹೋಗಾಂವನೂ ನೀನ."

ಮಾತು ಸುಳ್ಳಲ್ಲ. ಫೋನ್ ಸೀಟಿನ ಮೇಲೆ ಎಸೆದೆ.

ಥೇವೂರ್ ಫಾಟಾದ ಕವಲುದಾರಿ ಬಂತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ, ರಸ್ತೆಯ ತುಂಬ ತಿರುಗುತ್ತಿತ್ತು. ಅದರ ಮೂತಿಗೂ ಡಿವೈಡರಿಗೂ ನಡುವೆ ಒಂದು ಕಿಂಡಿ ಮಾತ್ರ ಉಳಿದಿತ್ತು...

ನುಗ್ಗಿಸಿದೆ!

ಎಡಗಡೆಯ ಕನ್ನಡಿ ಕಿತ್ತುಹೋಯಿತು. ಟ್ರ್ಯಾಕ್ಟರಿನವನು ಮರಾಠಿಯಲ್ಲಿ ನನ್ನ ಏಳು ತಲೆಮಾರನ್ನು ನೆನೆದ. ಹಿಂದೆ ಬ್ರೇಕಿನ ಸದ್ದು, ಕಬ್ಬು ಮುರಿದ ಸದ್ದು. ತಿರುಗಿ ನೋಡಲಿಲ್ಲ. ಕೇಸನಂದ, ವಾಘೋಲಿ, ಲೋಹಗಾವ್... ಸಿಕ್ಕ ಸಂದಿಯಲ್ಲೆಲ್ಲ ಗಾಡಿ ತೂರಿಸಿದೆ.

ದಾರಿಯಲ್ಲಿ ರೇಣುವಿಗೆ ಎಲ್ಲ ಹೇಳಿದೆ. ಗಂಡ ಮಾಡಿದ್ದನ್ನು ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ.

"ಫೋಟೋ ನೋಡಿದ ಮ್ಯಾಲೂ ಬರಕೊಟ್ರೇನ್ರಿ?" ಅಂದಳು.

"ಹೌದವಾ."

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏರ್‌ಪೋರ್ಟಿನ ಗೇಟಿನ ಹತ್ತಿರ ಚನ್ನವೀರ ಟ್ರಾಲಿ ತಳ್ಳುತ್ತಿದ್ದ. ಹೊಸ ಕೋಟು, ಹೊಸ ಬೂಟು. ಹೆಂಡತಿಯನ್ನು ಕಂಡು ಮುಖ ಬಿಳಿಚಿತು. ನನ್ನನ್ನು ಕಂಡು, ಬಾಯಿಬಿಟ್ಟರೆ ಇವನೂ ಸಿಕ್ಕಿಬೀಳುತ್ತಾನೆ ಎಂದು ಮತ್ತೆ ಧೈರ್ಯ ತಂದುಕೊಂಡ.

ರೇಣು ಒಂದೇ ಮಾತು ಕೇಳಿದಳು. "ನಾ ನಿಮಗ ಏನ ಆಗಬೇಕ್ರಿ?"

ಅವನು ಆಚೀಚೆ ನೋಡಿದ. ಪೊಲೀಸಿನವರು ಸನಿಹದಲ್ಲೇ ನಿಂತಿದ್ದರು.

"ಏನೂ ಇಲ್ಲ. ಏನಾದರೂ ಅದ ಅನ್ನೂದಕ್ಕ ಕಾಗದ ಅದ ಏನು?"

ನನ್ನ ನೆತ್ತಿಗೆ ಬೆಂಕಿ ಹತ್ತಿತು. ಅವನ ಕಾಲರ್ ಹಿಡಿದೆ. ನಡಿ, ಇಬ್ಬರೂ ಜೈಲಿಗೆ ಹೋಗೋಣ ಅಂದೆ. ನಿಜವಾಗಿಯೂ ಹೋಗಲು ಸಿದ್ಧನಿದ್ದೆ. ಹೋಗಿದ್ದರೆ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು...

ರೇಣು ನನ್ನ ಕೈ ಬಿಡಿಸಿದಳು.

"ಬಿಡ್ರಿ ಅಣ್ಣಾರ. ಇವರನ್ನ ತಡದು ಏನ ಮಾಡ್ಲಿ? ಮನೀಗೆ ಕರಕೊಂಡ ಹೋಗ್ಲೇನು?"

ಅವಳು ನನ್ನ ಬ್ಯಾಗಿನತ್ತ ಬೆರಳು ತೋರಿಸಿದಳು.

"ಇವರಿಗೆ ಬರಕೊಟ್ರಲ್ಲಾ, ಅಂಥದ್ದ ಒಂದು ನನಗೂ ಬರಕೊಡ್ರಿ. ಇವರ ಲಗ್ನ ಆಗಿಲ್ಲಂದ್ರ ನಂದೂ ಆಗಿಲ್ಲ. ಸಾಕ್ಷಿ ಸಹಿ ಇವರ ಹಾಕ್ತಾರ."

ನಮ್ಮ ಧಂದೆಯವರ ಬ್ಯಾಗಿನಲ್ಲಿ ಸ್ಟಾಂಪ್ ಪೇಪರ್ ಯಾವಾಗಲೂ ಇರುತ್ತದೆ. ಬಿಸಿಯಾಗಿದ್ದ ಬಾನೆಟ್ಟಿನ ಮೇಲಿಟ್ಟು ಬರೆದೆ. ಈ ಹೆಣ್ಣುಮಗಳನ್ನು ನಾನು ಬಲ್ಲೆ, ಈಕೆಗೆ ಮದುವೆಯಾಗಿಲ್ಲ... ಚನ್ನವೀರ ಅದನ್ನು ಓದಲೂ ಇಲ್ಲ. ಪೀಡೆ ತೊಲಗಿತು ಅನ್ನುವಂತೆ ಸಹಿ ಗೀಚಿದ. ಗೇಟಿನೊಳಗೆ ಹೋಗಿಬಿಟ್ಟ.

ಆಮೇಲೆ ರೇಣು ಇನ್ನೊಂದು ಕೇಳಿದಳು. ಅವನು ಮದುವೆಯಾಗಲಿರುವ ಹೆಂಗಸಿನ ನಂಬರ್ ಇದೆಯೇ ಎಂದು. ಅವನ ಅರ್ಜಿ ತುಂಬಿದವನು ನಾನೇ, ನಂಬರ್ ಇಲ್ಲದಿರುತ್ತದೆಯೇ? ಆಕೆಗೂ ಗೊತ್ತಾಗಬೇಕಲ್ರಿ, ಆಕೀ ಏನ ಪಾಪ ಮಾಡ್ಯಾಳ ಅಂದಳು. ಜೇಜುರಿಯ ಫೋಟೋ ಕಳಿಸಿದಳು. ಕೆಳಗೆ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ನಾನು ಬರೆದೆ.

ಆ ಹೆಂಗಸು ಬುದ್ಧಿವಂತೆ. ಚನ್ನವೀರನನ್ನು ಅಲ್ಲಿಯ ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಿದಳು.

ಮುಂದಿನದು ನಿಮಗೇ ಗೊತ್ತು. ಅತ್ತ ದರಿ, ಇತ್ತ ಪುಲಿ ಅಂತಾಗಿದೆ ಅವನಿಗೆ. ಆ ಮದುವೆ ಆಗಲಿಲ್ಲ, ಈ ಹೆಂಡತಿ ಬರಲಿಲ್ಲ. ಮೊನ್ನೆ ಗುರುಸಿದ್ದಪ್ಪ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ದೌಂಡಕ್ಕೆ ಹೋಗಿ, ನಮ್ಮ ಸೊಸೆಯನ್ನು ಕಳಿಸಿಕೊಡಿ ಅಂದನಂತೆ. ರೇಣು ಆ ಕಾಗದ ತಂದು ಹಿರಿಯರ ಮುಂದಿಟ್ಟಳಂತೆ. ಅಳಿಯನ ಸಹಿ ಓದಿ ಹಿರಿಯರು ಚಹಾ ಸಹ ಕುಡಿಯದೆ ಎದ್ದರಂತೆ.

ಅದಕ್ಕೇ ಈಗ ಚನ್ನವೀರ ನಿಮ್ಮ ಠಾಣೆಗೆ ಬಂದಿದ್ದಾನೆ. ನನಗೆ ಮದುವೆಯಾಗಿದೆ, ಈ ಏಜೆಂಟ್ ನನ್ನ ಕೈಯಲ್ಲಿ ಸುಳ್ಳು ಕಾಗದ ಮಾಡಿಸಿದ ಅಂತ ಕಂಪ್ಲೇಂಟ್ ಕೊಟ್ಟಿದ್ದಾನೆ. ಕಾಗದ ಸುಳ್ಳೆಂದು ನಾನು ಒಪ್ಪಿದರೆ ಸಾಕು, ಅವಳು ಮತ್ತೆ ಅವನ ಹೆಂಡತಿ. ಇದು ಅವನಿಗೂ ಗೊತ್ತು, ಅವನ ಮಾವನಿಗೂ ಗೊತ್ತು.

ಒಪ್ಪಿಕೊಳ್ಳಬೇಕು ಅಂತ ಎಷ್ಟು ಆಸೆ ಇದೆ ಗೊತ್ತೇ ಸಾಹೇಬ್ರೆ! ಒಪ್ಪಿಕೊಂಡು, ಶಿಕ್ಷೆ ಅನುಭವಿಸಿ, ಒಂದು ದಿನ ಕಣ್ತುಂಬ ಮಲಗಬೇಕು ಅಂತ. ಮಾಡಿದ ಪಾಪ ಕಳೆದುಕೊಳ್ಳಲು ಆ ಹುಡುಗಿಯನ್ನು ಮತ್ತೆ ಅವನ ಕೈಗೆ ಕೊಡಲೇ?

ಚಹಾ ಆಯಿತು. ಇಷ್ಟು ಹೊತ್ತು ಹೇಳಿದ್ದು ನಮ್ಮ ನಿಮ್ಮ ನಡುವಿನ ಮಾತು. ಈಗ ಪೆನ್ನು ತೆಗೆಯಿರಿ, ನನ್ನ ಜಬಾನಿ ಹೇಳಿಕೆ ಬರೆದುಕೊಳ್ಳಿ...

ನಾನು ವಿಚಾರಿಸಿದ ಮಟ್ಟಿಗೆ, ಚನ್ನವೀರ ಶುದ್ಧ ಬ್ರಹ್ಮಚಾರಿ.