ಅರ್ಧ ಕೊಂಬೆಯಲ್ಲಿ ನಿಂತ ಗರಗಸ

"ಹಗ್ಗ ಹಿಡಿಯೋನೇ ಕೊಲ್ಲೋಕೆ ನಿಂತ್ರೆ ಮರ ಹತ್ತೋದು ಹೇಗಕ್ಕಾ?"

ಮರ ಕಡಿಯುವವನು ಚೈನ್ ಗರಗಸವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಸ್ಕ್ರೂಗಳ ಡಬ್ಬಿ ಉರುಳಿತು. ಹೆಕ್ಕುವ ಕೆಲಸ ಎಂದಿನಂತೆ ಅಂಗಡಿಯೊಡತಿಯ ಮೈದುನನ ಪಾಲಿಗೆ ಬಂತು. ಅತ್ತಿಗೆಯ ರಿಪೇರಿ ಅಂಗಡಿಯಲ್ಲಿ ಅವನು ಹೆಸರಿಗೆ ಸಹಾಯಕ. ಕೆಟ್ಟ ಎಂಜಿನ್ನು ಬಂದರೂ, ಕಳೆದುಹೋದ ಉಂಗುರದ ತಕರಾರು ಬಂದರೂ ಅತ್ತಿಗೆ ಒಂದೇ ರೀತಿ ವಿಚಾರಿಸುತ್ತಿದ್ದಳು. ಆ ಬೀದಿಯವರಿಗೆ ಪೊಲೀಸರಿಗಿಂತ ಅವಳ ಮೇಲೆ ನಂಬಿಕೆ ಹೆಚ್ಚು. ಮೈದುನನಿಗೆ ಅದು ಹೆಮ್ಮೆ. ಒಂದು ಸಲವಾದರೂ ಅವಳಿಗಿಂತ ಮೊದಲು ತಾನೇ ಕಂಡುಹಿಡಿಯಬೇಕೆಂಬ ಹೊಟ್ಟೆಕಿಚ್ಚೂ ಇತ್ತೆನ್ನಿ.

"ಕೊಲ್ಲೋಕೆ ನಿಂತೋನು ಯಾರು?" ಅತ್ತಿಗೆ ಕೇಳಿದಳು.

"ಇನ್ಯಾರು? ನನ್ನ ಭಾಮೈದ!"

ಸೊಂಟಕ್ಕೆ ಹಗ್ಗ ಬಿಗಿದು ಮರ ಹತ್ತುವವನು ಇವನು. ಕೆಳಗೆ ನಿಂತು ಆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮ. ನಾನೂ ಹತ್ತುತ್ತೇನೆಂದು ಅವನು ಹಟ ಹಿಡಿದ, ಇವನು ಬೇಡವೆಂದ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ನಿನ್ನೆ ಗರಗಸ ಅರ್ಧ ಕೊಂಬೆಯಲ್ಲಿ ನಿಂತುಹೋಗಿ, ಸೀಳಿದ ಕೊಂಬೆ ಬೀಸಿ ಬಂದು ಇವನ ಹೆಗಲು ತರಚಿತ್ತು.

"ಸ್ಟಾರ್ಟ್ ಆಗುತ್ತೆ, ಸ್ವಲ್ಪ ಹೊತ್ತು ಚೆನ್ನಾಗೇ ಓಡುತ್ತೆ, ಆಮೇಲೆ ಗೊರಗೊರ ಅಂದು ನಿಂತುಬಿಡುತ್ತೆ. ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡಿ, ಮುಚ್ಚಿ ಎಳೆದ್ರೆ ಮತ್ತೆ ಓಡುತ್ತೆ. ಮತ್ತೆ ಅದೇ ರಾಗ. ಪೆಟ್ರೋಲಿಗೆ ಏನೋ ಬೆರೆಸಿದ್ದಾನೆ. ಕೇಳಿದ್ರೆ, ಎಂಜಿನ್ ಮುಟ್ಟೇ ಇಲ್ಲ ಅಂತಾನೆ. ಇವತ್ತೇ ಅವನನ್ನ ಕೆಲಸದಿಂದ ಬಿಡಿಸ್ತೀನಿ. ಮನೇಲಿ ಇವಳು ಅಳ್ತಾ ಕೂತಿದ್ದಾಳೆ. ನೀವು ಪೆಟ್ರೋಲಲ್ಲಿ ಏನಿದೆ ಅಂತ ಹೇಳಿಬಿಡಿ, ಸಾಕು."

"ಉತ್ತರ ನೀನೇ ತಂದಿದ್ದೀಯಲ್ಲ, ನಾನ್ಯಾಕೆ? ಆ ಹಗ್ಗ ಇಲ್ಲಿ ಕೊಡು."

ಅವನ ಹೆಗಲಲ್ಲಿದ್ದ ಹಗ್ಗದ ಎರಡು ತುದಿಗೂ ಎಳೆ ಬಿಚ್ಚದಂತೆ ದಾರ ಸುತ್ತಿ, ಮೇಲೆ ಕಪ್ಪು ಅಂಟು ಬಳಿದು ನೀಟಾಗಿ ಒರೆಸಲಾಗಿತ್ತು. "ಇದು ಯಾರ ಕೆಲಸ?" ಎಂದಳು. "ಅವನದೇ. ಹಗ್ಗದ ಉಸಾಬರಿಯೆಲ್ಲ ಅವನದು," ಎಂದ. ಅತ್ತಿಗೆ ಹಗ್ಗವನ್ನು ಉದ್ದಕ್ಕೂ ಮೂಸಿದಳು. ಒಂದು ಜಾಗದಲ್ಲಿ ತಡೆದು ಅಲ್ಲೇ ಮತ್ತೆ ಮೂಸಿದಳು. ಆಮೇಲೆ ಅವನ ಪ್ಯಾಂಟಿನ ಬಲತೊಡೆಯ ಮೇಲಿದ್ದ ಹಳೆಯ ಕಲೆ ನೋಡಿದಳು.

ಗರಗಸ ಕೆಟ್ಟರೆ ಹಗ್ಗ ಮೂಸುತ್ತಾರಲ್ಲ ಎಂದು ಮೈದುನ ಒಳಗೊಳಗೇ ನಕ್ಕ. ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿದ, ನೀರಿಲ್ಲ. ಹೊಸದು ತುಂಬಿ ಎಳೆದ. ಗರಗಸ ಅಬ್ಬರಿಸಿತು, ತುಸು ಹೊತ್ತಿಗೆ ಗೊರಗುಟ್ಟಿ ನಿಂತಿತು.

"ಗೊತ್ತಾಯ್ತು ಅತ್ತಿಗೆ! ಕಾರ್ಬ್ಯುರೇಟರ್ ಬಿಚ್ಚಬೇಕು."

"ಮೊದಲು ಮುಚ್ಚಳ ಬಿಚ್ಚು ಮಾರಾಯ."

ತಿರುಗಿಸುತ್ತಿದ್ದಂತೆ 'ಸುಯ್' ಎಂದು ಸದ್ದಾಯಿತು. ಅತ್ತಿಗೆ ಮುಚ್ಚಳವನ್ನು ಬೆಳಕಿಗೆ ಹಿಡಿದಳು. ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಇತ್ತು. ಮೈದುನನಿಗೆ ಅದು ಕೊಳೆಯಂತೆ ಕಂಡಿತು.

"ನಿನ್ನ ಹೆಂಡತಿ, ಅವಳ ತಮ್ಮ ಇಬ್ಬರನ್ನೂ ಕರ್ಕೊಂಡು ಬಾ," ಎಂದು ಮರ ಕಡಿಯುವವನಿಗೆ ಹೇಳಿದಳು.

ಅವರು ಬಂದಾಗ ಹೆಂಡತಿ ಗಂಡನಿಗೂ ತಮ್ಮನಿಗೂ ನಡುವೆ ನಿಂತಳು. ಅಳುವೆಲ್ಲ ಮುಗಿದ ಮುಖ. ಮೈದುನನಿಗೆ ಅವಳನ್ನು ನೋಡಿ ಸಂಕಟವಾಯಿತು.

"ಸ್ಟಾರ್ಟ್ ಆಗುತ್ತೆ ಅಂದ್ರೆ ಕಿಡಿ ಸರಿ ಇದೆ," ಅತ್ತಿಗೆ ಆರಂಭಿಸಿದಳು. "ಹೊಸ ಪೆಟ್ರೋಲಿಗೂ ಅದೇ ಕತೆ, ಹಾಗಾಗಿ ಯಾರೂ ಏನೂ ಬೆರೆಸಿಲ್ಲ. ಮೊದಮೊದಲು ಚೆನ್ನಾಗಿ ಓಡುತ್ತೆ, ಅಂದ್ರೆ ಪೆಟ್ರೋಲ್ ಬರೋ ದಾರಿ ಕಟ್ಟಿಲ್ಲ. ಮುಚ್ಚಳ ತೆಗೆದು ಹಾಕಿದ್ರೆ ಮತ್ತೆ ಓಡುತ್ತೆ. ಮುಚ್ಚಳ ತೆಗೆದಾಗ ಒಳಗೆ ಹೋಗೋದು ಏನು? ಗಾಳಿ. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿಗೆ ಗಾಳಿ ಹೋಗಬೇಕು. ಹೋಗದಿದ್ರೆ ಟ್ಯಾಂಕು ಪೆಟ್ರೋಲನ್ನ ಬಿಟ್ಟುಕೊಡಲ್ಲ. ಈ ಹಳೇ ಮೆಷಿನ್ನಿಗೆ ಗಾಳಿತೂತು ಇರೋದು ಮುಚ್ಚಳದಲ್ಲಿ."

ಸೂಜಿಯಿಂದ ಚುಕ್ಕೆಯನ್ನು ಚುಚ್ಚಿ ತೆಗೆದು, ಮುಚ್ಚಳ ಬಿಗಿದು ಎಳೆದಳು. ಗರಗಸ ಓಡಿತು. ಎಲ್ಲರೂ ಕಾದರು. ಅವಳೇ ಆರಿಸುವವರೆಗೂ ನಿಲ್ಲಲಿಲ್ಲ.

"ಹಗ್ಗದ ತುದೀಲಿರೋ ಅಂಟೇ ಇಲ್ಲೂ ಇದ್ದದ್ದು. ಕೆಡಿಸೋಕೆ ಬಂದವನು ಇಷ್ಟು ಒಪ್ಪವಾಗಿ ಬಳಿದು ಒರೆಸಲ್ಲ." ಅತ್ತಿಗೆ ಭಾಮೈದನತ್ತ ತಿರುಗಿದಳು. "ಯಾಕಪ್ಪ ಮುಚ್ಚಿದೆ?"

"ನೋಡಿದ್ಯಾ!" ಎಂದು ಭಾವ ಹೆಂಡತಿಯತ್ತ ತಿರುಗಿದ.

"ಪೆಟ್ರೋಲಿಗೆ ಏನು ಹಾಕಿದೆ, ಎಂಜಿನ್ ಮುಟ್ಟಿದ್ಯಾ ಅಂತ ಕೇಳಿದ್ರಿ. ಮುಚ್ಚಳದ ವಿಷಯ ಯಾರು ಕೇಳಿದ್ರು?" ಭಾಮೈದ ಅಕ್ಕನ ಹಿಂದಿನಿಂದ ಮುಂದೆ ಬಂದ. "ಭಾವ, ನೀವು ಮೆಷಿನ್ನ ತಲೆಕೆಳಗಾಗಿ ಸೊಂಟಕ್ಕೆ ನೇತುಹಾಕ್ಕೊಂಡು ಹತ್ತುತ್ತೀರ. ಆ ತೂತಿಂದ ಪೆಟ್ರೋಲ್ ತೊಟ್ಟಿಕ್ಕಿ ಹಗ್ಗದ ಮೇಲೆ ಬೀಳ್ತಿತ್ತು. ಹಗ್ಗ ಹಾಳಾದ್ರೆ ಬೀಳೋರು ನೀವು. ಸೋರ್ತಿದೆ ಅಂತ ಮುಚ್ಚಿದೆ. ಹೇಳೋಣ ಅಂದ್ರೆ ನೀವು ನನ್ನ ಮುಖಾನೂ ನೋಡ್ತಿರಲಿಲ್ಲ."

"ಹಗ್ಗದ ಆ ಜಾಗ ಇನ್ನೂ ಪೆಟ್ರೋಲ್ ನಾರುತ್ತೆ. ತೊಡೆ ಮೇಲಿನ ಕಲೆಯೂ ಅದೇ," ಎಂದಳು ಅತ್ತಿಗೆ. "ಹೊಸ ಮುಚ್ಚಳ ಹಾಕಿಕೊಡ್ತೀನಿ, ಗಾಳಿ ಒಳಗೆ ಬಿಡುತ್ತೆ, ಪೆಟ್ರೋಲ್ ಹೊರಗೆ ಬಿಡಲ್ಲ. ಈ ಹಗ್ಗ ಮಾತ್ರ ಎಸೆದುಬಿಡಿ."

ಭಾವನ ಮುಖ ನೆಲ ನೋಡಿತು. ನಾಚಿಕೆ ಅವನ ಕಿವಿಯವರೆಗೂ ಕೆಂಪಗೆ ಏರಿತ್ತು. ಅವನು ಭಾಮೈದನ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟ.

"ಹೊಸ ಹಗ್ಗ ತರೋಣ," ಎಂದ. "ನಾಳೆ ನೀನು ಹತ್ತು. ಕೆಳಗೆ ನಾನು ಹಿಡ್ಕೊಂಡಿರ್ತೀನಿ."