ರುಚಿ ನೋಡುವ ಸರದಿ

ಮಂಗಳವಾರ ಮಧ್ಯಾಹ್ನ ಎರಡರ ಸುಮಾರಿಗೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಮಕ್ಕಳ ಊಟದ ಬೇಳೆಸಾರಿನ ಪಾತ್ರೆಗೆ ಯಾರೋ ಸೀಮೆಎಣ್ಣೆ ಸುರಿದಿದ್ದರು. ವಾಸನೆಗೇ ಎಲ್ಲರೂ ತಟ್ಟೆ ಬಿಟ್ಟು ಎದ್ದಿದ್ದರಿಂದ ಯಾರ ಹೊಟ್ಟೆಗೂ ಹೋಗಿರಲಿಲ್ಲ. ಆದರೆ ಅಡುಗೆಯವಳನ್ನು ಇವತ್ತೇ ಓಡಿಸಬೇಕೆಂದು ಊರವರು ಗೇಟಿನಲ್ಲಿ ಪಟ್ಟು ಹಿಡಿದು ನಿಂತಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೇಬಲ್ ಜೊತೆ ಜೀಪು ಹತ್ತಿದರು.

ಅಡುಗೆಕೋಣೆಯಲ್ಲಿದ್ದದ್ದು ಗ್ಯಾಸ್ ಒಲೆ. ಎಷ್ಟು ತಡಕಾಡಿದರೂ ಸೀಮೆಎಣ್ಣೆಯ ಡಬ್ಬ ಸಿಗಲಿಲ್ಲ. ಇಬ್ಬರು ಶಿಕ್ಷಕರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಪಂಚನಾಮೆ ಮಾಡಿ, ಸಾರಿನ ಮಾದರಿಗೆ ಸೀಲು ಹಾಕಲಾಯಿತು. ಮಕ್ಕಳು ‘ದೊಡ್ಡಮ್ಮ’ ಎಂದು ಕರೆಯುವ ಅಡುಗೆಯವಳು ಮೂಲೆಯಲ್ಲಿ ಮುದುಡಿ ಕುಳಿತಿದ್ದಳು.

“ರುಚಿ ನೋಡಿದ್ದು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ಬಡಿಸೋ ಮೊದ್ಲು ದಿನಕ್ಕೊಬ್ಬ ತಾಯಿ ಬಂದು ನೋಡ್ತಾರೆ ಸಾರ್. ಇವತ್ತು ಟೈಲರಮ್ಮನ ಸರದಿ. ಚೆನ್ನಾಗಿದೆ ಅಂದ್ರು.”

“ಆಮೇಲೆ?”

“ನಾನು ನಲ್ಲಿ ಹತ್ರ ತಟ್ಟೆ ತೊಳೀತಿದ್ದೆ.”

“ಬಾಗಿಲು?”

“ತೆಗೆದೇ ಇತ್ತು. ಸಾರಿನ ಪಾತ್ರೆಗೆ ಯಾರು ಬೀಗ ಹಾಕ್ತಾರೆ ಸಾರ್?”

ಒಂಬತ್ತನೇ ತರಗತಿಯ ಹುಡುಗಿಯರು ಹಸಿದಿದ್ದರೂ ಮಾತಿಗೇನೂ ಕಡಿಮೆ ಇರಲಿಲ್ಲ.

“ಹೊಟ್ಟೆ ತುಂಬಿರೋದು ಇವಳೊಬ್ಬಳಿಗೇ ಸಾರ್, ಊಟದ ಡಬ್ಬಿ ತಂದಿದ್ಲು,” ಎಂದು ಒಬ್ಬಳು ಪಕ್ಕದವಳನ್ನು ತಿವಿದಳು. “ದಿನಾ ದೊಡ್ಡಮ್ಮನ ಹತ್ರ ಎರಡೆರಡು ಸಲ ತಟ್ಟೆ ಹಿಡಿಯೋ ಮಹಾರಾಣಿ ಇವಳು.”

ಮಹಾರಾಣಿ ತಲೆ ತಗ್ಗಿಸಿದಳು. ಅವಳು ಟೈಲರಮ್ಮನ ಮಗಳು.

“ಇವತ್ಯಾಕಮ್ಮಾ ಡಬ್ಬಿ?”

“ಅಮ್ಮ ಕಟ್ಟಿಕೊಟ್ರು. ಶಾಲೇದು ಮುಟ್ಟಲ್ಲ ಅಂತ ಆಣೆ ಮಾಡಿಸ್ಕೊಂಡ್ರು.”

ಟೈಲರಮ್ಮನಿಗೆ ಅಂಗಡಿ, ಮನೆ ಎರಡೂ ಒಂದೇ ಕೋಣೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿಯಿತ್ತು. ಇನ್‌ಸ್ಪೆಕ್ಟರ್ ಅದನ್ನೆತ್ತಿ ಮೂಸಿದರು.

“ಮಷೀನ್ ಜಿಡ್ಡು ತೆಗೆಯೋಕೆ ಸಾರ್, ಸೀಮೆಎಣ್ಣೆ. ಎಲ್ಲಾ ಟೈಲರ್ ಹತ್ರಾನೂ ಇರುತ್ತೆ.”

“ಇರುತ್ತೆ. ಮಧ್ಯಾಹ್ನದ ಊಟ ಕೆಡುತ್ತೆ ಅಂತ ಬೆಳಿಗ್ಗೇನೇ ಹೇಗೆ ಗೊತ್ತಾಯ್ತು?”

“ನಂಗೇನ್ ಗೊತ್ತು?”

“ಮಗಳಿಗೆ ಡಬ್ಬಿ ಕಟ್ಟಿದ್ರಲ್ಲ.”

ಯಂತ್ರಕ್ಕೆ ಬಟ್ಟೆ ತಳ್ಳುತ್ತಿದ್ದ ಅವಳ ಕೈ ನಿಂತಿತು.

“ಯಾರಿಗೂ ಏನೂ ಆಗ್ಬಾರ್ದು ಅಂತಾನೇ ವಾಸನೆ ಬರೋದು ಹಾಕ್ದೆ. ಆ ಅಡುಗೆಯವಳು ತೊಲಗಿದ್ರೆ ಸಾಕಿತ್ತು.”

“ಅವಳೇನು ಮಾಡಿದ್ಲು ನಿಮಗೆ?”

“ಕಡ್ಡಿ ಹಾಗಿದ್ಲು ನನ್ನ ಮಗಳು. ರಕ್ತ ಇಲ್ಲ ಅಂದ್ರು ಡಾಕ್ಟರು. ನಾನು ಗೋಗರೆದ್ರೂ ಬೈದ್ರೂ ಎರಡು ತುತ್ತಿಗೆ ಏಳ್ತಾಳೆ. ಅದೇ ಬೇಳೆ, ಅದೇ ಸೊಪ್ಪು, ಅವಳು ಹಾಕಿದ್ರೆ ತಟ್ಟೆ ನೆಕ್ತಾಳೆ. ಮೊನ್ನೆ ಪೋಷಕರ ಸಭೇಲಿ ಹೆಡ್‌ಮೇಡಂ ತೂಕ ನೋಡಿ, ಎಷ್ಟು ಮೈ ತುಂಬಿಕೊಂಡಿದಾಳೆ, ದೊಡ್ಡಮ್ಮನ ಕೈಗುಣ ಅಂದ್ರು. ಎಲ್ಲ ಚಪ್ಪಾಳೆ ತಟ್ಟಿದ್ರು.” ಅವಳು ದಾರ ಕಡಿದಳು. “ನಾನೂ ತಟ್ಟಿದೆ.”

ತಮ್ಮ ಮಗನೂ ಅಜ್ಜಿ ಕಲಸಿಕೊಟ್ಟರೆ ಮಾತ್ರ ಉಣ್ಣುತ್ತಾನೆಂಬುದು ಇನ್‌ಸ್ಪೆಕ್ಟರಿಗೆ ನೆನಪಾಯಿತು. ಎಣ್ಣೆ ಡಬ್ಬಿ ಜಪ್ತಿಯಾಯಿತು, ಅವಳನ್ನು ಬಂಧಿಸಿದರು.

ಜೀಪಿನ ಬಳಿ ಕಾನ್‌ಸ್ಟೇಬಲ್ ಕೇಳಿದಳು: “ಮಗಳು ಬಂದ್ರೆ ಮನೇಲಿ ಯಾರಿದಾರಕ್ಕಾ?”

“ಯಾರೂ ಇಲ್ಲ.”

“ಯಾರ ಹತ್ರ ಬಿಡೋಣ?”

ಟೈಲರಮ್ಮ ಸೆರಗಿನ ಅಂಚನ್ನು ಮಡಚಿದಳು.

“ಅವಳ ಹತ್ರಾನೇ ಬಿಡಿ,” ಎಂದಳು. “ಬೇರೆ ಯಾರು ಹಾಕಿದ್ರೂ ಅದು ಉಣ್ಣಲ್ಲ.”