ನಿಂತು ಉರಿಯುವ ಒಲೆ

“ಆ ಒಲಿ ಕೆಡವಬ್ಯಾಡ್ರಿ ಡಾಕ್ಟರ್ ಸಾಹೇಬ್ರ. ಕೆಡವಿದ್ರೂ ಅದರ ಮಣ್ಣು ಮನ್ಯಾಗ ಇಟಗೋಬ್ಯಾಡ್ರಿ. ಹೊತ್ತು ಮುಳುಗೋದ್ರಾಗ ಹಳ್ಳಕ್ಕ ಚೆಲ್ಲಿ, ತಿರುಗಿ ನೋಡದಂಗ ಬರ್ರಿ.”

ಪಕ್ಕದ ಮನೆಯ ಮುದುಕಿ ರಾಮವ್ವ ಹೊಸ್ತಿಲಾಚೆ ನಿಂತೇ ಹೇಳಿದಳು. ಒಳಗೆ ಕಾಲಿಡಲಿಲ್ಲ.

ಕುಬೇರಪ್ಪ ಡಾಕ್ಟರನಲ್ಲ. ಶಲವಡಿಯ ದನದ ದವಾಖಾನೆಗೆ ನವಲಗುಂದದಿಂದ ವರ್ಗವಾಗಿ ಬಂದ ಕಂಪೌಂಡರ. ಅಗ್ಗಕ್ಕೆ ಸಿಕ್ಕಿತೆಂದು ಈ ಹಳೆಯ ಮನೆ ಕೊಂಡಿದ್ದ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು.

“ಏ ಯವ್ವಾ, ಹಾಯೋ ಎಮ್ಮಿಗೆ ದಿನಾ ಸೂಜಿ ಚುಚ್ಚಾವ ನಾ. ನಿನ್ನ ಒಲಿಗೆ ಅಂಜತೀನೇನು?”

“ನಗಬ್ಯಾಡ್ರಿ. ಈ ಮನಿ ಸೊಸಿ ದುರಗವ್ವ ತವರಿಗೆ ಹೋಗಬಾರದಂತ ಆಕಿ ಅತ್ತಿ ಮಾಟಾ ಮಾಡಿಸಿದ್ಲು. ತಲಿ ಬೋಳಿಸಿ, ಕೂದಲಾ ಒಲಿಯಾಗ ಹುಗಿಸಿದ್ಲು. ಒಲಿ ಮುಂದ ಕುಂತಾಕಿ ಏಳಲೇ ಇಲ್ಲ, ಕುಂತಲ್ಲೇ ಸತ್ಲು. ಆಕಿ ಬಡದ ರೊಟ್ಟಿ ಯಾರರ…”

“ಸಾಕು ನಡಿ. ನಿನ್ನ ಪುರಾಣ ಕೇಳಾಕ ನನಗ ಹೊತ್ತಿಲ್ಲ.”

ಹೊತ್ತಿಲ್ಲ ಎಂದದ್ದು ಸುಳ್ಳು. ಹೊತ್ತೇ ಅವನನ್ನು ತಿನ್ನುತ್ತಿತ್ತು. ನವಲಗುಂದದಲ್ಲಿದ್ದಾಗ ಹೆಂಡತಿ ಸಾವಿತ್ರೆವ್ವ ನೆಲದ ಒಲೆಗೆ ಬಗ್ಗಿ, ಸೆರಗಿಗೆ ಉರಿ ಹತ್ತಿ ತೀರಿಕೊಂಡಿದ್ದಳು. ಮಗಳು ಕಸ್ತೂರಿಯನ್ನು ಅತ್ತೆ ಬಸವಣ್ಣೆವ್ವ ಅಣ್ಣಿಗೇರಿಗೆ ಕರೆದೊಯ್ದು, “ನೆಲದ ಮ್ಯಾಲೆ ಒಲಿ ಉರಿಯೋ ಮನಿಗೆ ಈ ಕೂಸಿನ್ನ ಕಳಸಂಗಿಲ್ಲ” ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಖಾನಾವಳಿಯಲ್ಲಿ ಉಂಡು, ಬರಿದಾದ ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗುವ ಬಾಳು ಅವನಿಗೆ ಸಾಕಾಗಿತ್ತು. ನಿಂತು ಅಡಿಗೆ ಮಾಡುವ ಕಟ್ಟೆ ಆಗಬೇಕು. ಮಗಳು ಮನೆಗೆ ಬರಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಗೌಂಡಿ ಮಶಾಕಸಾಬ ಹಾರೆ ಹಾಕಿದ. ತಲೆಮಾರುಗಳ ಹೊಗೆ ಕುಡಿದು ಕಲ್ಲಾಗಿದ್ದ ಒಲೆ ಬಿರಿಯಿತು. ಒಳಗಿನಿಂದ ಸುಟ್ಟ ಕೂದಲಿನ ಕಮಟು ಎದ್ದಿತು. ಕಬ್ಬಿಣದ ಮೊಳೆಗೆ ಸುತ್ತಿದ ಉದ್ದನೆಯ ಜಡೆ. ಕುಂಕುಮ ಮೆತ್ತಿದ ಎಲುಬು. ಮಶಾಕಸಾಬ ಹಾರೆ ಬಿಟ್ಟು ಹಿಂದೆ ಸರಿದ.

“ಸಾಹೇಬ್ರ, ಕಟ್ಟಿ ಭರ್ತಿಗೆ ನಾ ಒಂದು ಬಂಡಿ ಗರಸು ಮಣ್ಣು ತರಸ್ತೀನಿ. ಇದನ್ನ ಹೊರಗ ಹಾಕೂಣು.”

“ಮನ್ಯಾಗ ಇಷ್ಟು ಮಣ್ಣು ಬಿದ್ದಿರಬೇಕಾದ್ರ ಗರಸು ಯಾಕ ಬೇಕು?”

ಕುಬೇರಪ್ಪ ತಾನೇ ಸಲಿಕೆ ಹಿಡಿದ. ಒಲೆಯ ಹೆಂಟೆ, ಬೂದಿ, ಜಡೆ ಎಲ್ಲವನ್ನೂ ಹೊಸ ಕಟ್ಟೆಯ ಹೊಟ್ಟೆಗೆ ಸುರಿದು ಕಾಲಿನಿಂದ ತುಳಿದ. ಮಳೆ ನೀರು ಬೀಳದಿರಲೆಂದು ಮಾಳಿಗೆಯ ಬೆಳಕಿಂಡಿಯನ್ನೂ ಕಲ್ಲು ಸಿಮೆಂಟು ಹಾಕಿ ಮುಚ್ಚಿಸಿದ. ಹೊಗೆ ಹೋಗುತ್ತಿದ್ದದ್ದೇ ಅದರಿಂದ ಎಂಬುದು ಆ ಮುಂಗೋಪಿಗೆ ಹೊಳೆಯಲಿಲ್ಲ.

“ಎತ್ತರ ಎಷ್ಟು ಮಾಡೂಣ್ರಿ?” ಎಂದು ಮಶಾಕಸಾಬ ಕೇಳಿದ.

ಕುಬೇರಪ್ಪ ತನ್ನ ಪಕ್ಕದ ಗಾಳಿಯಲ್ಲಿ, ಸಾವಿತ್ರೆವ್ವನ ನಡು ಎಲ್ಲಿಗೆ ಬರುತ್ತಿತ್ತೋ ಅಲ್ಲಿ, ಅಂಗೈ ನಿಲ್ಲಿಸಿದ. “ಇಷ್ಟು.”

ಕಟ್ಟೆ ಒಣಗಿತು. ಮೇಲೆ ಹೊಸ ಒಲೆ ಕೂತಿತು. ಒಂದು ಸಂಜೆ ದವಾಖಾನೆಯಿಂದ ಬಂದು ಕೀಲಿ ತೆಗೆದರೆ ಬಿಸಿ ಜೋಳದ ರೊಟ್ಟಿಯ ವಾಸನೆ. ಕಟ್ಟೆಯ ಮೇಲೆ ಅರಿವೆ ಮುಚ್ಚಿದ ಬುಟ್ಟಿ. ಬೆಳಕಿಂಡಿ ಮುಚ್ಚಿದ ಅಡಿಗೆಮನೆಯಲ್ಲಿ ಹಗಲಲ್ಲೇ ಕತ್ತಲೆ. ಆ ಕತ್ತಲೆಯ ಮೂಲೆಯಲ್ಲಿ ಬಳೆ ಸದ್ದಾಯಿತು.

“ಯಾರದು?”

ಅವನು ಒಂದು ಹೆಜ್ಜೆ ಮುಂದಿಟ್ಟ.

“ಸಾವಿತ್ರೀ…?”

ಬಳೆ ಇನ್ನೊಮ್ಮೆ ಸದ್ದು ಮಾಡಿತು.

ಅಂಜಬೇಕಾಗಿತ್ತು. ಅಂಜಲಿಲ್ಲ. ಒಬ್ಬನೇ ಉಂಡು ಉಂಡು ಬೇಸತ್ತವನಿಗೆ ದೆವ್ವದ ಬಳೆಯೂ ಮನುಷ್ಯರ ಮಾತಿನಂತೆಯೇ ಕೇಳುತ್ತದೆ. ಗೋಡೆಗೆ ಬೆನ್ನು ಹಚ್ಚಿ ಕೂತು ಉಂಡ. ಅಳುತ್ತಾ ಉಂಡ. ಮರುದಿನವೂ ಬುಟ್ಟಿ ಕಾಯ್ದಿತ್ತು. ಖಾನಾವಳಿ ಬಿಟ್ಟ. ಸಂಜೆಯಾದರೆ ಕತ್ತಲೆಯ ಮುಂದೆ ಕೂತು ಎಮ್ಮೆಗಳ ಸುದ್ದಿ, ಮಗಳ ಸುದ್ದಿ ಹೇಳಿದ. ಕತ್ತಲೆ ಬಳೆ ಆಡಿಸಿತು.

ಆದರೆ ಉಂಡಷ್ಟೂ ಹಸಿವು. ನಾಲಿಗೆಯ ಮೇಲೆ ಬೂದಿಯ ರುಚಿ. ದವಾಖಾನೆಯಲ್ಲಿ ಕೂತರೆ ಅವನ ಅಂಗೈಗಳು ತಾವೇ ಮೇಜು ಬಡಿಯುತ್ತಿದ್ದವು. ತಟ್, ತಟ್. ರೊಟ್ಟಿ ಬಡಿದ ಹಾಗೆ. ಬೆಳಗ್ಗೆ ಅಡಿಗೆಮನೆಯ ಹೊಸ್ತಿಲು ದಾಟುವಾಗ ಕಾಲು ದಿನದಿನಕ್ಕೂ ಭಾರವಾದವು.

ಕೊನೆಗೂ ಬಸವಣ್ಣೆವ್ವ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಕಟ್ಟೆಯನ್ನು ಕೈಯಿಂದ ಸವರಿ ನೋಡಿದಳು.

“ಕಟ್ಟಿ ಏನೋ ಚಂದ ಆಗೇತ್ರಿ. ಹೊಗಿ ಹೋಗಾಕ ಕಿಂಡಿ ಎಲ್ಲೈತಿ? ಗೋಡಿಗೆಲ್ಲಾ ಮಸಿ ಹಿಡದೈತಲ್ರಿ!”

“ಮಾಡಸ್ತೀನಿ ಅತ್ತಿ.”

“ಮಾಡಸ್ತೀನಿ ಅಂದಿದ್ದು ಎಂದ ಮಾಡಿಸೀರಿ ನೀವು?” ಎಂದು ಗೊಣಗುತ್ತಾ, ಮೊಮ್ಮಗಳ ತಲೆ ನೇವರಿಸಿ ಅವಳು ಬಸ್ಸಿಗೆ ಹೋದಳು.

ಮುಚ್ಚಂಜೆ. ಕರೆಂಟು ಹೋಗಿತ್ತು. ಚಿಮಣಿ ದೀಪದ ಮಿಣುಕು ಬೆಳಕಿನಲ್ಲಿ ಕಸ್ತೂರಿ ಗಂಗಾಳದ ಮುಂದೆ ಕೂತಳು.

“ಅಪ್ಪಾ, ರೊಟ್ಟಿ ಬಡಿಯಾಕ ನೀ ಯಾವಾಗ ಕಲತಿ?”

“ನಾ ಅಲ್ಲ. ನಿಮ್ಮವ್ವ ಮಾಡ್ಯಾಳ.”

ಹುಡುಗಿ ರೊಟ್ಟಿ ಮುರಿಯುತ್ತಾ ಕಟ್ಟೆಯ ಕಡೆ ನೋಡಿದಳು. ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಅಪ್ಪಾ… ಅಲ್ಲಿ ನಿಂತಾಕಿ ಅವ್ವ ಅಲ್ಲ.”

“ಯಾಕವಾ?”

“ಆಕಿ ತಲಿಯಾಗ ಕೂದಲಾ ಇಲ್ಲ.”

ಚಿಮಣಿ ಆರಿತು. ಒಲೆ ತಾನೇ ಹೊತ್ತಿತು. ಆ ಉರಿಯಲ್ಲಿ ಕುಬೇರಪ್ಪ ಮೊದಲ ಸಲ ಅವಳನ್ನು ಕಂಡ. ಬೋಳು ತಲೆ. ಬೂದಿ ಮೈ. ಕಟ್ಟೆ ಅವಳ ನಡುವಿಗೆ ಸರಿಯಾಗಿತ್ತು. ಹೊಗೆ ಎದ್ದಿತು. ಹೋಗಲು ದಾರಿಯಿಲ್ಲದ ಹೊಗೆ. ಮಾಳಿಗೆಗೆ ಬಡಿದು ಕೆಳಗಿಳಿಯಿತು. ಕಣ್ಣು ಉರಿದವು. ಕಸ್ತೂರಿ ಕೆಮ್ಮಿದಳು.

ಆ ಕೆಮ್ಮು ಕೇಳಿ ರಾಮವ್ವ ಹೊರಗಿನಿಂದ ಚೀರಿದಳು. “ಕೂಸು ಉಂಡತೇನ್ರಿ? ಆಕಿ ರೊಟ್ಟಿ ಉಂಡವರು ಆಕಿ ಜಾಗಾದಾಗ ನಿಂದ್ರಬೇಕ್ರಿ! ಇಷ್ಟು ದಿನ ಕುಂತಿದ್ಲು. ನೀವು ಎಬ್ಬಿಸಿ ನಿಂದ್ರಿಸಿದ್ರಿ. ಇನ್ನ ಆಕಿ ಹೊಂಟಾಳ!”

ಕುಬೇರಪ್ಪ ಮಗಳ ಕೈಗೆ ಹೊಡೆದು ತುತ್ತು ಬೀಳಿಸಿದ.

“ಉಂಡಿಯೇನ? ಖರೇ ಹೇಳು!”

“ಇಲ್ಲಪ್ಪಾ…”

ಅವಳನ್ನು ಎತ್ತಿದ. ಅಡಿಗೆಮನೆಯ ಬಾಗಿಲಿಗೆ ಓಡಿದ. ಹೊಸ್ತಿಲ ಬಳಿ ಕಾಲು ನಿಂತವು. ಎಳೆದ. ಬರಲಿಲ್ಲ. ಮಗಳನ್ನು ಹೊಸ್ತಿಲಾಚೆ ನೂಕಿದ. ಅಷ್ಟರಲ್ಲಿ ಅವನ ಭುಜಕ್ಕೆ ತಣ್ಣನೆಯ ಬೂದಿ ಸವರಿ ಹೋಯಿತು. ಬಳೆಯ ಸದ್ದು ಅವನನ್ನು ದಾಟಿತು. ಪಡಸಾಲೆ ದಾಟಿತು. ಬಹಳ ವರ್ಷದ ಮೇಲೆ ತವರಿಗೆ ಹೊರಟವಳ ಅವಸರದಲ್ಲಿ ಬೀದಿಗೆ ಇಳಿಯಿತು.

ಕುಬೇರಪ್ಪನ ಕಾಲು ಹಿಂದಕ್ಕೆ ಸರಿದವು. ಕಟ್ಟೆಯ ಕಡೆಗೆ. ಕೈಗಳು ಹಿಟ್ಟಿಗೆ ಇಳಿದವು.

“ಅಪ್ಪಾ, ಬಾ! ಅಣ್ಣಿಗೇರಿಗೆ ಹೋಗೂಣು!” ಕಸ್ತೂರಿ ಮತ್ತೆ ಒಳಗೆ ಬರಲು ಕಾಲೆತ್ತಿದಳು. “ನಾ ಕೈ ಹಿಡೀತೀನಿ, ಬಾ!”

ಪಡಸಾಲೆಗೆ ಓಡಿಬಂದ ರಾಮವ್ವ ಎಳೆದರೂ ಹುಡುಗಿ ಬಾಗಿಲ ಚೌಕಟ್ಟು ಬಿಡಲಿಲ್ಲ. ಇಂದು ಬಿಡಿಸಿದರೂ ನಾಳೆ ಬರುತ್ತಾಳೆ. ಹಸಿದು ಬರುತ್ತಾಳೆ. ಕುಬೇರಪ್ಪನಿಗೆ ಬೇರೆ ದಾರಿ ಕಾಣಲಿಲ್ಲ.

“ಹೋಗಲೇ ಹೊರಗ!” ಎಂದು ಅಬ್ಬರಿಸಿದ. “ನಿನ್ನ ಮಾರಿ ನೋಡೂದ ಬ್ಯಾಡಾಗೇತಿ ನನಗ. ನಿಮ್ಮವ್ವ ಸತ್ತದ್ದ ನಿನ್ನ ಸಲುವಾಗಿ. ಇನ್ನೊಮ್ಮೆ ಈ ಮನಿಗೆ ಬಂದ್ರ ಕಾಲು ಮುರದೇನು!”

ಚೌಕಟ್ಟು ಹಿಡಿದ ಬೆರಳುಗಳು ಒಂದೊಂದಾಗಿ ಸಡಿಲಿದವು. ಅವಳು ಅಳಲೂ ಇಲ್ಲ. ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ರಾಮವ್ವನ ಸೆರಗು ಹಿಡಿದು ತಿರುಗಿದಳು. ಬೀದಿಯ ಕೊನೆಯ ತನಕ ಆ ಪುಟ್ಟ ಹೆಜ್ಜೆಯ ಸದ್ದು ಅವನಿಗೆ ಕೇಳುತ್ತಿತ್ತು. ಅದು ಒಮ್ಮೆಯೂ ನಿಲ್ಲಲಿಲ್ಲ.

ಕಣ್ಣೀರು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಬುಟ್ಟಿ ತುಂಬಿತು. ಉಣ್ಣಲು ಯಾರೂ ಬಾರದಿರಲಿ ಎಂದು ಬೇಡಿಕೊಳ್ಳುತ್ತಾ ಅವನು ಮುಂದಿನ ರೊಟ್ಟಿ ಬಡಿದ.